ಒಳಗಿನಿಂದ ಹಾಕಿದ ಚಿಲಕ

೨೦೦೯ನೆಯ ಇಸವಿಯ ಅಕ್ಟೋಬರ್ ತಿಂಗಳನ್ನು ಮಲಪ್ರಭೆಯ ದಂಡೆಯವರು ಮರೆಯಲಾರರು. ತಿಂಗಳು ಹುಟ್ಟುವ ಹೊತ್ತಿಗೆ ಹಿಡಿದ ಮಳೆ ಉತ್ತರ ಕರ್ನಾಟಕದ ಜಿಲ್ಲೆ ಜಿಲ್ಲೆಗಳನ್ನೇ ಮಹಾಪೂರಕ್ಕೆ ಒಡ್ಡಿತು. ರಾಮದುರ್ಗ, ಸವದತ್ತಿಯ ಕಡೆಯಿಂದ ಬಂದವರ ಬಾಯಲ್ಲಿ ಬಿದ್ದ ಮನೆಗಳ ಮಾತು, ನೆನೆದ ಜೋಳದ ಮಾತು. ಬೈಲಹೊಂಗಲದಲ್ಲಿ ಕುಳಿತು ನಾವು ಪತ್ರಿಕೆ ತೆರೆದರೆ ನೋಡುತ್ತಿದ್ದುದೂ ಅದನ್ನೇ. ಆ ತಿಂಗಳ ಕೊನೆಯ ಭಾಗದಲ್ಲಿ, ಕಿತ್ತೂರಿನ ವಿಜಯೋತ್ಸವದ ದಿನ ಹತ್ತಿರ ಬಂದಿದ್ದಾಗ, ದಕ್ಷಿಣ ಕನ್ನಡದಿಂದ ಒಂದು ಸುದ್ದಿ ಬಂದಿತು. ಅಕ್ಟೋಬರ್ ೨೧ರಂದು ಪೊಲೀಸರು ಒಬ್ಬ ಮಾಜಿ ಶಾಲಾಮಾಸ್ತರನನ್ನು ಹಿಡಿದಿದ್ದರು. ಒಬ್ಬ ಹೆಣ್ಣುಮಗಳನ್ನು ಹುಡುಕಲು ಹೊರಟವರಿಗೆ ಅನೇಕ ಹೆಣ್ಣುಮಕ್ಕಳ ಸಾವು ಸಿಕ್ಕಿತ್ತು. ಕೊನೆಗೆ ಆ ಲೆಕ್ಕ ಇಪ್ಪತ್ತಕ್ಕೆ ನಿಂತಿತು.

ನೆರೆಯ ಗದ್ದಲದಲ್ಲಿ ನಾನು ಆ ಸುದ್ದಿಯನ್ನು ಓದಿ ಬದಿಗಿಟ್ಟೆ. ಕರಾವಳಿ ನಮಗೆ ದೂರ. ಅಲ್ಲಿಯ ಮಾತು ಬೇರೆ, ನಡೆ ಬೇರೆ. ಆದರೆ ಮುಂದೆ ಆ ಮೊಕದ್ದಮೆಯ ವಿವರಗಳು ಒಂದೊಂದಾಗಿ ಹೊರಬಂದಂತೆ, ಇದು ಕರಾವಳಿಯ ಕಥೆಯಷ್ಟೇ ಅಲ್ಲ, ಬೈಲಹೊಂಗಲದ ಬಸ್ ನಿಲ್ದಾಣದಲ್ಲೂ ನಡೆಯಬಹುದಾಗಿದ್ದ ಕಥೆ ಎಂಬುದು ನನ್ನ ಮನಸ್ಸಿಗೆ ಬಂದಿತು. ಆ ಕಾರಣಕ್ಕಾಗಿಯೇ ಈ ದಿನ ಈ ವಿಷಯವನ್ನು ಕೇಳುಗರ ಮುಂದೆ ಇಡುತ್ತಿದ್ದೇನೆ.

ಅವನ ಹೆಸರು ಮೋಹನ್ ಕುಮಾರ್. ಬಂಟ್ವಾಳ ತಾಲೂಕಿನ ಕನ್ಯಾನದವನು. ಹೆಂಡಿರು ಮಕ್ಕಳಿದ್ದ ಸಂಸಾರಸ್ಥ. ಹಲವು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದವನು. ಪತ್ರಿಕೆಗಳು ಮುಂದೆ ಅವನಿಗೆ ವಿಷದ ಹೆಸರನ್ನೇ ಬಿರುದಾಗಿ ಅಂಟಿಸಿ ‘ಸಯನೈಡ್ ಮೋಹನ್’ ಎಂದು ಕರೆದವು. ಆ ಬಿರುದು ನನಗೆ ಸೇರುವುದಿಲ್ಲ. ಅದರಲ್ಲಿ ಚಲನಚಿತ್ರದ ಖಳನಾಯಕನ ಮೆರುಗು ಇದೆ; ಅವನಲ್ಲಿ ಅಂಥ ಮೆರುಗೇನೂ ಇರಲಿಲ್ಲ. ಮಧ್ಯಮ ವಯಸ್ಸು, ಸಾಧಾರಣ ಮುಖ, ಮೆಲುಮಾತು. ಸಂತೆಯಲ್ಲಿ ಎದುರಾದರೆ ಎರಡನೆಯ ಸಲ ತಿರುಗಿ ನೋಡದಂಥ ಮನುಷ್ಯ.

ನಾನೂ ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು. ಹಳ್ಳಿಯಲ್ಲಿ ಮಾಸ್ತರನೆಂದರೆ ಏನೆಂಬುದು ನನಗೆ ಗೊತ್ತು. ಅವನಿಗೆ ಯಾವ ಮನೆಯ ಪಡಸಾಲೆಯೂ ಮುಚ್ಚಿಲ್ಲ. ಅರ್ಜಿ ಬರೆಯುವವನು ಅವನು, ಪತ್ರ ಓದಿ ಹೇಳುವವನು ಅವನು, ಯಾರ ಮನೆಯಲ್ಲಿ ಬೆಳೆದ ಹುಡುಗಿಗೆ ಇನ್ನೂ ಗಂಡು ಕೂಡಿಬಂದಿಲ್ಲ ಎಂಬುದನ್ನು ಬಲ್ಲವನೂ ಅವನೇ. ಮೋಹನನು ತನ್ನ ಕೃತ್ಯಗಳಿಗೆ ಇಳಿದಾಗ ಶಾಲೆಯ ನೌಕರಿ ಅವನ ಕೈಯಲ್ಲಿರಲಿಲ್ಲ. ಆದರೆ ಆ ನೌಕರಿ ಕಲಿಸಿದ ಮಾತಿನ ರೀತಿ, ನಂಬಿಕೆ ಹುಟ್ಟಿಸುವ ನಿಲುವು ಅವನನ್ನು ಬಿಟ್ಟುಹೋಗಿರಲಿಲ್ಲ.

ಅವನು ಆರಿಸಿಕೊಂಡವರು ಬಹುತೇಕ ಇಪ್ಪತ್ತರ ನಡುವಿನಿಂದ ಮೂವತ್ತರ ಆಸುಪಾಸಿನ ಹೆಣ್ಣುಮಕ್ಕಳು. ಬಂಟ್ವಾಳ, ಪುತ್ತೂರು, ಸುಳ್ಯದಂಥ ತಾಲೂಕುಗಳವರು, ಗಡಿಯಾಚೆ ಕಾಸರಗೋಡಿನವರು, ಕೊಡಗಿನವರು. ಬಡವರು, ಬೀಡಿ ಕಟ್ಟುವುದೋ, ಅಡುಗೆ ಮಾಡುವುದೋ, ಹೊಲಿಗೆಯೋ, ಯಾವುದೋ ಸಣ್ಣ ದುಡಿಮೆಯಿಂದ ಮನೆಗೆ ಆಸರೆಯಾದವರು. ವರದಕ್ಷಿಣೆ ಕೊಡಲಾಗದ್ದರಿಂದ ಮದುವೆ ಮುಂದೆ ಹೋದವರು. ಬಸ್ ನಿಲ್ದಾಣದಲ್ಲೋ ಯಾವುದೋ ಸಮಾರಂಭದಲ್ಲೋ ಪರಿಚಯವಾಗುತ್ತಿತ್ತು. ಮಾತಿನ ನಡುವೆ ಹುಡುಗಿಯ ಜಾತಿ ಯಾವುದೆಂದು ತಿಳಿದುಕೊಂಡು, ತಾನೂ ಅದೇ ಜಾತಿಯವನೆಂದು ಹೇಳಿ, ಅದಕ್ಕೆ ಹೊಂದುವ ಹೆಸರೊಂದನ್ನು ಇಟ್ಟುಕೊಳ್ಳುತ್ತಿದ್ದ. ಒಬ್ಬಳಿಗೆ ಆನಂದ, ಇನ್ನೊಬ್ಬಳಿಗೆ ಸುಧಾಕರ. ಸರಕಾರಿ ನೌಕರಿ ಇದೆ ಎನ್ನುತ್ತಿದ್ದ. ಆಮೇಲೆ ಬರುತ್ತಿತ್ತು ಆ ಎರಡು ಶಬ್ದ: ವರದಕ್ಷಿಣೆ ಬೇಡ.

ಕೇಳುಗರು ಈ ಎರಡು ಶಬ್ದಗಳ ಬಳಿ ನನ್ನೊಡನೆ ಒಂದು ಕ್ಷಣ ನಿಲ್ಲಬೇಕು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು ೧೯೬೧ರಲ್ಲಿ. ಅದಾಗಿ ನಲವತ್ತು ವರ್ಷದ ಮೇಲೂ ಆ ಹೆಣ್ಣುಮಕ್ಕಳು ತಮ್ಮ ಮನೆಗೆ ಬಂದುಹೋದ ಎಷ್ಟು ಜನ ಗಂಡುಗಳ ಮುಂದೆ ಚಹದ ತಟ್ಟೆ ಹಿಡಿದಿದ್ದರೋ, ಎಷ್ಟು ಸಲ ‘ತಿಳಿಸುತ್ತೇವೆ’ ಎಂಬ ಮಾತು ಕೇಳಿದ್ದರೋ. ಕಾಯಿದೆ ಹೇಳಿದಂತೆ ಮಾತನಾಡಿದ ಒಬ್ಬನೇ ಒಬ್ಬ ಗಂಡು ಕೊನೆಗೆ ಬಂದ, ಬಂದವನು ಇವನು.

ಮುಂದಿನದನ್ನು ವಿಸ್ತರಿಸುವ ಮನಸ್ಸಿಲ್ಲ. ಚುಟುಕಾಗಿ ಹೇಳುತ್ತೇನೆ. ಮದುವೆಯಾಗೋಣವೆಂದು ಹುಡುಗಿಯನ್ನು ದೂರದ ಊರಿಗೆ ಕರೆದೊಯ್ಯುತ್ತಿದ್ದ. ಒಳ್ಳೆಯ ಸೀರೆ ಉಟ್ಟು, ಇದ್ದ ಒಡವೆ ತೊಟ್ಟು ಅವಳು ಹೊರಡುತ್ತಿದ್ದಳು. ವಸತಿಗೃಹವೊಂದರಲ್ಲಿ ರಾತ್ರಿ ಕಳೆಯುತ್ತಿತ್ತು. ಬೆಳಿಗ್ಗೆ ಏನೋ ನೆಪ ಹೇಳಿ ಒಡವೆಗಳನ್ನು ಕೋಣೆಯಲ್ಲೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತರುತ್ತಿದ್ದ. ಗರ್ಭ ನಿಲ್ಲದಿರಲೆಂದು ಒಂದು ಗುಳಿಗೆ ಕೊಟ್ಟು, ವಾಕರಿಕೆ ಬಂದೀತು, ಶೌಚಾಲಯದ ಒಳಗೆ ಹೋಗಿ ತೆಗೆದುಕೋ ಎನ್ನುತ್ತಿದ್ದ. ಅವಳು ಒಳಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ಅವನು ವಸತಿಗೃಹಕ್ಕೆ ಮರಳಿ ಒಡವೆಗಳನ್ನು ಎತ್ತಿಕೊಂಡು ಊರಿನ ಬಸ್ ಹತ್ತುತ್ತಿದ್ದ.

ಅಕ್ಕಸಾಲಿಗರ ಕಸುಬಿನಲ್ಲಿ ಚಿನ್ನ ಬೆಳ್ಳಿಗೆ ಹೊಳಪು ಕೊಡಲು, ಮುಲಾಮು ಹಾಕಲು ಸಯನೈಡನ್ನು ಬಳಸುವುದುಂಟು. ಮೋಹನನೂ ಅಂಥ ಕಸುಬಿನವನೆಂದು ಹೇಳಿಕೊಂಡೇ ಅದನ್ನು ಕೊಂಡುಕೊಳ್ಳುತ್ತಿದ್ದ. ನಾವು ಉಸಿರಾಡಿದ ಗಾಳಿಯಲ್ಲಿಯ ಆಮ್ಲಜನಕ ರಕ್ತದಲ್ಲಿ ಹರಿಯುತ್ತಲೇ ಇರುತ್ತದೆ. ಆದರೆ ಮೈಯ ಕಣಕಣವೂ ಅದನ್ನು ಬಳಸಿಕೊಳ್ಳುವ ಶಕ್ತಿಯನ್ನು ಈ ವಿಷ ಕೆಡಿಸಿಬಿಡುತ್ತದೆ. ನದಿಯ ನಡುವೆ ನಿಂತು ನೀರಡಿಸಿ ಸಾಯುವ ಹಾಗೆ. ಕೆಲವೇ ನಿಮಿಷಗಳ ಮಾತು. ಮೈಮೇಲೆ ಗಾಯವಿಲ್ಲ, ಬಾಗಿಲ ಹೊರಗೆ ಯಾರೂ ಇಲ್ಲ, ಒಳಗಿನಿಂದ ಚಿಲಕ.

ಆ ಚಿಲಕವೇ ಅವನ ದೊಡ್ಡ ರಕ್ಷಣೆಯಾಯಿತು. ಮೈಸೂರಿನಲ್ಲಿ, ಬೆಂಗಳೂರಿನಲ್ಲಿ, ಮಡಿಕೇರಿಯಲ್ಲಿ, ಹಾಸನದಲ್ಲಿ ಬಸ್ ನಿಲ್ದಾಣದ ಶೌಚಾಲಯದ ಬಾಗಿಲು ಒಡೆದು ಹೆಣ ತೆಗೆದವರು ಕಂಡದ್ದು ಚೆನ್ನಾದ ಸೀರೆಯುಟ್ಟ, ಒಡವೆಯಿಲ್ಲದ ಒಬ್ಬ ಅಪರಿಚಿತ ಹೆಣ್ಣುಮಗಳನ್ನು. ಆತ್ಮಹತ್ಯೆ ಇರಬೇಕು, ಮೂರ್ಛೆರೋಗ ಇರಬೇಕು. ಠಾಣೆಯಲ್ಲಿ ಅಸಹಜ ಸಾವು ಎಂದು ದಾಖಲೆ. ಕೆಲವು ದಿನ ಶವಾಗಾರದಲ್ಲಿ ಇಟ್ಟು, ವಾರಸುದಾರರು ಬಾರದಿದ್ದರೆ ಸರಕಾರದ ಖರ್ಚಿನಲ್ಲಿ ಮಣ್ಣು. ಮೈಸೂರಿನಲ್ಲಂತೂ ಇಂಥ ಸಾವು ಒಂದಾದ ಮೇಲೊಂದು ಆದವು. ಹಿಂದಿನ ವರ್ಷದ ಕಡತವನ್ನು ಈ ವರ್ಷದ ಕಡತದ ಪಕ್ಕದಲ್ಲಿಟ್ಟು, ಎರಡರಲ್ಲೂ ಅದೇ ವಯಸ್ಸು, ಅದೇ ಬಗೆಯ ಸೀರೆ, ಅದೇ ಬರಿದಾದ ಕೊರಳು ಎಂದು ಓದಿದವರು ಇರಲಿಲ್ಲ.

ಇದು ಒಂದು ಕಡತ. ಇನ್ನೊಂದು ಕಡತ ಇರಬೇಕಾದದ್ದು ಹುಡುಗಿಯ ಊರಿನ ಠಾಣೆಯಲ್ಲಿ, ‘ಕಾಣೆಯಾಗಿದ್ದಾಳೆ’ ಎಂದು. ಎಷ್ಟೋ ಮನೆಯವರು ದೂರನ್ನೇ ಕೊಡಲಿಲ್ಲ. ಪೊಲೀಸರನ್ನು ಬೈಯುವುದು ಸುಲಭ. ಈ ಎರಡನೆಯ ಕಡತದ ವಿಷಯಕ್ಕೆ ಬಂದಾಗ ಬೆರಳು ನಮ್ಮ ಕಡೆಗೇ ತಿರುಗುತ್ತದೆ.

ರಾಮದುರ್ಗದಲ್ಲಿ ನನಗೆ ಬಳಕೆಯ ಒಂದು ನೇಕಾರರ ಮನೆಯಿದೆ. ಕೆಲವು ವರ್ಷಗಳ ಹಿಂದಿನ ಮಾತು. ಹಿರಿಯ ಮಗಳಿಗೆ ಇಪ್ಪತ್ತೊಂಬತ್ತು ತುಂಬಿತ್ತು. ಒಮ್ಮೆ ಹೋದಾಗ ಅವಳು ಕಾಣಲಿಲ್ಲ. ಕೇಳಿದೆ. ‘ಸವದತ್ತ್ಯಾಗ ಅವರ ಅತ್ತೀ ಮನೀಗೆ ಹೋಗ್ಯಾಳ್ರಿ’ ಎಂದಳು ತಾಯಿ. ತಿಂಗಳ ಮೇಲೆ ಮತ್ತೆ ಹೋದೆ, ಅದೇ ಉತ್ತರ. ಉತ್ತರ ಕೊಡುವಾಗ ತಾಯಿ ಮುಖ ಎತ್ತಲಿಲ್ಲ. ಹೊರಗೆ ಬಂದ ಮೇಲೆ ತಂದೆ ನನ್ನನ್ನು ಬೀದಿಯ ತಿರುವಿನವರೆಗೆ ಕಳಿಸಲು ಬಂದವನು ಹೇಳಿದ: ‘ಮಾಸ್ತರ್ರ, ಹುಡುಗಿ ಹೋಗಿ ಐದು ವಾರ ಆತ್ರಿ. ಎಲ್ಲಿ ಅದಾಳೋ ಗೊತ್ತಿಲ್ಲ.’ ಠಾಣೆಗೆ ಹೇಳಿದಿರಾ ಎಂದೆ. ‘ಠಾಣೇಕ ಹೋದ್ರ ಮಗಳು ಸಿಗತಾಳೋ ಇಲ್ಲೋ, ಮರ್ಯಾದಿ ಅಂತೂ ಹೋಗತದ್ರಿ. ಸಣ್ಣಾಕಿದು ಮಾತುಕತಿ ಆಗೇದ. ಆ ಬೀಗರಿಗೆ ಏನ್ ಹೇಳೂದು?’

ಆ ಹುಡುಗಿ ಮೂರನೆಯ ತಿಂಗಳಿಗೆ ಮರಳಿ ಬಂದಳು. ಇಚಲಕರಂಜಿಯಲ್ಲಿ ಗೆಳತಿಯೊಬ್ಬಳ ಜೊತೆ ಮಗ್ಗದ ಕೆಲಸಕ್ಕೆ ನಿಂತಿದ್ದಳಂತೆ; ಕೈಯಲ್ಲಿ ಒಂದಿಷ್ಟು ಹಣವನ್ನೂ ತಂದಿದ್ದಳು. ಎಲ್ಲರೂ ನಿಟ್ಟುಸಿರು ಬಿಟ್ಟರು. ನಾನು ಮಾತ್ರ ಆ ಐದು ವಾರಗಳನ್ನು ಮರೆಯಲಿಲ್ಲ. ಅಷ್ಟರಲ್ಲಿ ಯಾವುದೋ ಊರಿನ ಶವಾಗಾರದಲ್ಲಿ ಅವಳು ಮಲಗಿದ್ದರೆ, ಅವಳನ್ನು ಗುರುತಿಸಲು ಹೋಗುವವರು ಯಾರೂ ಇರಲಿಲ್ಲ. ಅವಳು ಸವದತ್ತಿಯಲ್ಲಿ ಅತ್ತೆಯ ಮನೆಯಲ್ಲಿದ್ದಳು! ತಂದೆಯ ಮಾತು ಕೇಳಿದ ನಾನೂ ಆ ದಿನ ಸುಮ್ಮನೆ ಬಸ್ ಹಿಡಿದು ಬೈಲಹೊಂಗಲಕ್ಕೆ ಬಂದೆ ಎಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಇಂಥ ಮನುಷ್ಯ ನಮ್ಮಲ್ಲೇ ಮೊದಲು ಹುಟ್ಟಿದ್ದಲ್ಲ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಆನ್ರಿ ಲಾಂದ್ರು ಎಂಬವನಿದ್ದ. ಮದುವೆಯ ಜಾಹೀರಾತು ಕೊಟ್ಟು, ಗಂಡನನ್ನು ಕಳೆದುಕೊಂಡ ಒಂಟಿ ಹೆಂಗಸರನ್ನು ತನ್ನ ಹಳ್ಳಿಮನೆಗೆ ಕರೆದೊಯ್ಯುತ್ತಿದ್ದ, ಹೋದವರು ಬರುತ್ತಿರಲಿಲ್ಲ. ಹತ್ತು ಹೆಂಗಸರು ಮತ್ತು ಒಬ್ಬಳ ಮಗನನ್ನು ಕೊಂದ ಅಪರಾಧಕ್ಕೆ ೧೯೨೨ರಲ್ಲಿ ಅವನ ತಲೆ ಹೋಯಿತು. ಜಿಪುಣನಾದ ಅವನು ಎಲ್ಲ ಖರ್ಚನ್ನೂ ಪುಸ್ತಕದಲ್ಲಿ ಬರೆದಿಡುತ್ತಿದ್ದ. ತನಗೆ ಹೋಗಿಬರುವ ರೈಲು ಟಿಕೇಟು, ಹೆಂಗಸಿಗೆ ಹೋಗುವ ಟಿಕೇಟು ಮಾತ್ರ. ಆ ಲೆಕ್ಕವೇ ಅವನಿಗೆ ಮುಳುವಾಯಿತು. ಅವನನ್ನು ಹಿಡಿಸಿದ್ದು ಮಾತ್ರ ಪೊಲೀಸರ ಜಾಣತನವಲ್ಲ. ಕಾಣೆಯಾದ ಒಬ್ಬಳ ತಂಗಿ ಸುಮ್ಮನೆ ಕೂಡಲಿಲ್ಲ. ೧೯೧೯ರಲ್ಲಿ ಪ್ಯಾರಿಸಿನ ಬೀದಿಯಲ್ಲಿ ಅವನ ಗುರುತು ಸಿಕ್ಕಿದ್ದು ಅದರಿಂದಲೇ.

ಮೋಹನನ ವಿಷಯದಲ್ಲೂ ಎಳೆ ಸಿಕ್ಕಿದ್ದು ಸುಮ್ಮನಿರದ ಒಂದು ಊರಿನಿಂದ. ಆದರೆ ಅದು ಸುಮ್ಮನಿರದಿದ್ದ ಕಾರಣ ಬೇರೆ. ೨೦೦೯ರ ಜೂನ್‌ನಲ್ಲಿ ಬಂಟ್ವಾಳ ತಾಲೂಕಿನ ಒಂದು ಹಳ್ಳಿಯ ಇಪ್ಪತ್ತೆರಡರ ಹುಡುಗಿ ಕಾಣೆಯಾದಳು. ಅನ್ಯಧರ್ಮದ ಹುಡುಗನ ಜೊತೆ ಓಡಿಹೋದಳೆಂಬ ಗಾಳಿಮಾತು ಎದ್ದಿತು. ಜನ ಸೇರಿದರು, ಠಾಣೆಯ ಮುಂದೆ ಪ್ರತಿಭಟನೆಯಾಯಿತು, ಠಾಣೆಗೇ ಬೆಂಕಿ ಇಡುವ ಮಾತೂ ಬಂತಂತೆ. ಹಿಂದಿನ ಹೆಣ್ಣುಮಕ್ಕಳ ವಿಷಯದಲ್ಲಿ ನಾಚಿಕೆ ಬಾಯಿ ಮುಚ್ಚಿಸಿತ್ತು. ಇವಳ ವಿಷಯದಲ್ಲಿ ದ್ವೇಷ ಬಾಯಿ ತೆರೆಸಿತು. ಸುಳ್ಳು ಸಂಶಯವೊಂದು ನಿಜವಾದ ತನಿಖೆಗೆ ಕಾರಣವಾದ ವಿಚಿತ್ರ ಇದು. ಅದನ್ನು ಹೊಗಳಲಾರೆ, ಮುಚ್ಚಿಡಲೂ ಆರೆ. ಆ ಗಾಳಿಮಾತಿನಿಂದ ಯಾವುದಾದರೂ ನಿರಪರಾಧಿ ಮನೆಗೆ ಬೆಂಕಿ ಬಿದ್ದಿದ್ದರೆ ಈ ಕಥೆಯನ್ನು ಬೇರೆ ರೀತಿಯಲ್ಲಿ ಹೇಳಬೇಕಾಗುತ್ತಿತ್ತು.

ಪೊಲೀಸರು ಆ ಹುಡುಗಿಯ ದೂರವಾಣಿ ಕರೆಗಳ ಪಟ್ಟಿ ತರಿಸಿದರು. ರಾತ್ರಿ ಹೊತ್ತು ಹೆಚ್ಚು ಮಾತನಾಡಿದ ಒಂದು ಸಂಖ್ಯೆ ಸಿಕ್ಕಿತು. ಅದು ಮಡಿಕೇರಿಯ ಕಡೆಯ ಒಬ್ಬ ಹೆಣ್ಣುಮಗಳದು. ವಿಚಾರಿಸಿದರೆ ಅವಳೂ ಮನೆಯಲ್ಲಿಲ್ಲ. ಅವಳ ಕರೆಗಳನ್ನು ನೋಡಿದರೆ ಕಾಸರಗೋಡಿನ ಒಂದು ಸಂಖ್ಯೆ, ಅವಳೂ ಇಲ್ಲ. ಅಲ್ಲಿಂದ ಪುತ್ತೂರು, ಅವಳೂ ಇಲ್ಲ. ಒಬ್ಬ ಸತ್ತವಳ ಮೊಬೈಲಿನಿಂದ ಮುಂದೆ ಸಾಯಲಿರುವವಳ ಜೊತೆ ಅವನು ಮಾತನಾಡುತ್ತಿದ್ದ. ತನ್ನ ಹೆಸರಿನಲ್ಲಿ ಏನೂ ಇರಬಾರದೆಂಬ ಎಚ್ಚರಿಕೆ ಅದು. ಆದರೆ ಅದೇ ಎಚ್ಚರಿಕೆ ಬಿಡಿಬಿಡಿಯಾಗಿ ಬಿದ್ದಿದ್ದ ಸಾವುಗಳನ್ನು ದಾರದಲ್ಲಿ ಪೋಣಿಸಿ ಪೊಲೀಸರ ಕೈಗೆ ಕೊಟ್ಟಿತು. ಅಂಥ ಒಂದು ಮೊಬೈಲು ಅವನ ಸಂಬಂಧಿಕ ಹುಡುಗನೊಬ್ಬನ ಕೈಯಲ್ಲಿ ಸಿಕ್ಕಿತು. ಕೊಟ್ಟವರು ಯಾರೆಂದು ಅವನು ಹೇಳಿದ. ಮೋಹನ ಸಿಕ್ಕಿಬಿದ್ದ. ಆ ಹೊತ್ತಿಗೆ ಅವನು ಇನ್ನೊಬ್ಬಳ ಜೊತೆ ಮಾತು ಬೆಳೆಸಿದ್ದ. ಅವಳು ಉಳಿದಳು.

ಹಿಡಿದದ್ದು ಒಂದು ಕೆಲಸ, ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಇನ್ನೊಂದು. ಗುಳಿಗೆ ಕೊಟ್ಟದ್ದನ್ನು ಕಂಡವರಿಲ್ಲ. ೧೯೮೪ರಲ್ಲಿ ಪುಣೆಯ ನವವಿವಾಹಿತೆಯೊಬ್ಬಳು ಸಯನೈಡಿನಿಂದ ಸತ್ತ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿದ ಮಾತನ್ನು ವಕೀಲರೆಲ್ಲ ಬಲ್ಲರು. ವಿಷದಿಂದ ಕೊಂದನೆಂದು ಹೇಳಬೇಕಾದರೆ ಕೊಲ್ಲುವ ಉದ್ದೇಶವಿತ್ತು, ಸತ್ತದ್ದು ವಿಷದಿಂದಲೇ, ಆ ವಿಷ ಆರೋಪಿಯ ಬಳಿ ಇತ್ತು, ಕೊಡುವ ಅವಕಾಶವೂ ಅವನಿಗಿತ್ತು, ಈ ನಾಲ್ಕೂ ಸಿದ್ಧವಾಗಬೇಕು. ಅಂದು ಆ ಸರಪಳಿ ಪೂರ್ತಿಯಾಗಲಿಲ್ಲವೆಂದು ಪುಣೆಯ ಆರೋಪಿ ಬಿಡುಗಡೆಯಾದ. ಇಲ್ಲಿ ವರ್ಷಗಳ ಹಿಂದೆ ಮಣ್ಣಾದ ದೇಹಗಳು, ಒಳಗಿನಿಂದ ಹಾಕಿದ ಚಿಲಕ. ಉಳಿದಿದ್ದವು ಅವನಿಂದ ವಶವಾದ ಒಡವೆಗಳು, ವಸತಿಗೃಹಗಳ ದಾಖಲೆ, ಕರೆಗಳ ಪಟ್ಟಿ. ಮೋಹನನು ಅನೇಕ ಮೊಕದ್ದಮೆಗಳಲ್ಲಿ ವಕೀಲರನ್ನು ಬಿಟ್ಟು ತಾನೇ ವಾದಿಸಿದ. ಮಗಳ ಸರವನ್ನು ಗುರುತಿಸಿದ ತಾಯಂದಿರನ್ನು ಅವನೇ ಪಾಟೀಸವಾಲು ಮಾಡಿದನೆಂದರೆ, ಆ ತಾಯಂದಿರು ಕಟಕಟೆಯಲ್ಲಿ ಹೇಗೆ ನಿಂತರೋ ನನಗೆ ಊಹಿಸಲಾಗದು. ಮರ್ಯಾದೆಗೆ ಅಂಜಿ ಒಂದು ಕಾಲಕ್ಕೆ ಠಾಣೆಗೆ ಹೋಗದಿದ್ದವರು ಅವರು. ಈಗ ತುಂಬಿದ ನ್ಯಾಯಾಲಯದಲ್ಲಿ ಅವನ ಕಣ್ಣೆದುರು ನಿಂತು, ಹೌದು, ಇದು ನನ್ನ ಮಗಳದು ಎಂದರು. ಈ ಇಡೀ ವೃತ್ತಾಂತದಲ್ಲಿ ನನ್ನ ತಲೆ ತಾನಾಗಿ ಬಾಗುವುದು ಅವರ ಮುಂದೆ.

೨೦೧೩ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮೊದಲ ಮೂರು ಕೊಲೆಗಳಿಗೆ ಮರಣದಂಡನೆ ವಿಧಿಸಿತು. ಬಂಟ್ವಾಳದ ಆ ಹುಡುಗಿಯ ಮೊಕದ್ದಮೆಯಲ್ಲಿ ಹೈಕೋರ್ಟು ೨೦೧೭ರಲ್ಲಿ ಅದನ್ನು ಇಳಿಸಿ, ಸಾಯುವವರೆಗೆ ಸೆರೆವಾಸವೆಂದಿತು. ಉಳಿದ ಮೊಕದ್ದಮೆಗಳು ಒಂದೊಂದಾಗಿ ನಡೆದವು. ಇಪ್ಪತ್ತನೆಯದೂ ಕೊನೆಯದೂ ಆದ ಕಾಸರಗೋಡಿನ ಹೆಣ್ಣುಮಗಳ ಮೊಕದ್ದಮೆಯಲ್ಲಿ ೨೦೨೦ರ ಜೂನ್‌ನಲ್ಲಿ ಜೀವಾವಧಿ ಶಿಕ್ಷೆಯಾಯಿತು. ಸಿಕ್ಕಿಬಿದ್ದ ಮೇಲೆ ಹತ್ತು ವರ್ಷ ಮೀರಿತ್ತು. ಈ ವೃತ್ತಾಂತದ ಛಾಯೆಯಲ್ಲಿ ೨೦೨೩ರಲ್ಲಿ ‘ದಹಾಡ್’ ಎಂಬ ಹಿಂದಿ ಸರಣಿ ಬಂದಾಗ ಕಥೆ ರಾಜಸ್ಥಾನಕ್ಕೆ ಹೋಗಿತ್ತು. ಅಲ್ಲಿಯವರಿಗೂ ಅದು ತಮ್ಮದೇ ಎನಿಸಿದ್ದರೆ ಆಶ್ಚರ್ಯವಿಲ್ಲ.

ಸತ್ತವರ ಹೆಸರುಗಳನ್ನು ನಾನು ಹೇಳಲಿಲ್ಲ ಎಂಬುದನ್ನು ಕೇಳುಗರು ಗಮನಿಸಿರಬಹುದು. ಅವರ ತಂಗಿಯರು, ಅಣ್ಣತಮ್ಮಂದಿರ ಮಕ್ಕಳು ಇಂದಿಗೂ ಆ ಊರುಗಳಲ್ಲಿ ಬಾಳುತ್ತಿದ್ದಾರೆ. ನಮ್ಮ ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿಯಿದೆ. ೧೮೨೯ರಲ್ಲಿ ಸೆರೆಯಲ್ಲೇ ತೀರಿಕೊಂಡ ಆಕೆಯ ಹೆಸರನ್ನು ನಮ್ಮ ಮಕ್ಕಳು ಗಟ್ಟಿಯಾಗಿ ಕೂಗುತ್ತಾರೆ. ಆ ಸಮಾಧಿಯ ಮುಂದೆ ಹಾದುಹೋಗುವಾಗ ಹೆಸರು ಕೂಗಲಾಗದ ಈ ಇಪ್ಪತ್ತು ಜನರ ನೆನಪು ನನಗೆ ಯಾಕೆ ಬರುತ್ತದೋ ತಿಳಿಯದು. ಕೊನೆಯ ಮೊಕದ್ದಮೆಗಳು ನಡೆಯುವಾಗ ಮೋಹನನನ್ನು ಇಟ್ಟಿದ್ದು ಬೆಳಗಾವಿಯ ಹಿಂಡಲಗಾ ಕಾರಾಗೃಹದಲ್ಲಿ, ನಮ್ಮೂರಿಗೆ ಐವತ್ತು ಕಿಲೋಮೀಟರಿನಷ್ಟು ದೂರ. ಅಲ್ಲಿಂದಲೇ ವಿಡಿಯೋ ಪರದೆಯ ಮೂಲಕ ಅವನು ಮಂಗಳೂರಿನ ನ್ಯಾಯಾಧೀಶರ ಮುಂದೆ ಹಾಜರಾಗುತ್ತಿದ್ದ. ದೂರವೆಂದುಕೊಂಡಿದ್ದ ಕರಾವಳಿ ಹಾಗೆ ನಮ್ಮ ಮಗ್ಗುಲಿಗೇ ಬಂದಿತ್ತು.

ಮೊನ್ನೆ ಭರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವವರಿಂದ ಬಸ್ ನಿಲ್ದಾಣ ತುಂಬಿಹೋಗಿತ್ತು. ಸವದತ್ತಿಯ ಬಸ್ಸಿಗಾಗಿ ನಾನೂ ನಿಂತಿದ್ದೆ. ಹೆಂಗಸರ ಶೌಚಾಲಯದ ಬಾಗಿಲಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದ ಮುದುಕಿ ತಟ್ಟನೆ ಎದ್ದು ಒಳಗೆ ಹೋದಳು. ಬಾಗಿಲು ಬಡಿದ ಸದ್ದು ಹೊರಗೆ ಕೇಳಿತು. ‘ಯವ್ವಾ, ಯಾರ ಒಳಗ? ಆರಾಮ ಅದೀಯಿಲ್ಲೋ?’

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಚಿಲಕ ಸರಿದ ಸದ್ದು. ‘ಅದೀನಬೇ, ಬಂದ್ನಿ’ ಎಂದಿತು ಒಳಗಿನ ದನಿ.